ಡಬ್ಬಿ ಇನ್ನೂರ ಎಂಬತ್ತು ಅಂತು

...ಬರ್ಕೋ ಅಂದೆನಲ್ಲ, ವಿಚಾರಿಸೋಕೆ ಅಂತ ಮನೆಗೆ ಬಂದಿದ್ದೀಯ, ಬರ್ಕೋ ಸಿಸ್ಟರಮ್ಮ! ಮಾರ್ಚ್ ಹನ್ನೊಂದು, ಬೆಳಗಿನಿಂದ ಮೋಡ. ನನ್ನ ಹೆಂಡತಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದು ಆವತ್ತು. ಏನು? ಬಿಸಿಲಿತ್ತಾ? ನನ್ನ ಮನೆ ಕಿಟಕಿ ನಿನಗಿಂತ ನನಗೆ ಗೊತ್ತು.

ತಪ್ಪು ಯಾರದು? ನಿಮ್ಮ ಆಸ್ಪತ್ರೆ ಕೊಟ್ಟ ಈ ಡಬ್ಬೀದು. ಸಕ್ಕರೆ ಇನ್ನೂರ ಎಂಬತ್ತು ಅಂತ ತೋರಿಸ್ತು. ಅದಕ್ಕೆ ತಕ್ಕಷ್ಟು ಇನ್ಸುಲಿನ್ ಕೊಟ್ಟೆ. ಮುಗೀತು.

ಯಾಕೆ ನಗ್ತೀಯ? ...ನಗ್ಲಿಲ್ವಾ? ಸರಿ ಬಿಡು, ಕೆಮ್ಮಿದೆ ಅನ್ನು.

ನಲವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದವನು ನಾನು. ಡಾಕ್ಟರುಗಳ ಅಕ್ಷರ ನೋಡಿದ್ದೀಯಲ್ಲ? ಕಾಗೆ ಕಾಲು, ಗುಬ್ಬಿ ಕಾಲು! ಬರೆದವರಿಗೇ ತಿಳಿಯದ್ದನ್ನ ಓದಿ ಔಷಧಿ ಬೆರೆಸಿದ್ದೀನಿ. ಅಂಥವನಿಗೆ ಬೆಂಕಿಪೊಟ್ಟಣದಷ್ಟಿರೋ ಈ ಡಬ್ಬಿ ಪಾಠ ಹೇಳುತ್ತಾ? ಬೆರಳು ಚುಚ್ಚು, ರಕ್ತ ಹಚ್ಚು, ಕುಂಯ್ ಅನ್ನುತ್ತೆ, ನಂಬರ್ ಬರುತ್ತೆ, ಅದನ್ನ ಫೋನಲ್ಲಿ ನಿಮಗೆ ಒಪ್ಪಿಸ್ಬೇಕು. ಅಬ್ಬಾ, ಏನು ವಿದ್ಯೆ! ಮನೆಯಲ್ಲೇ ಆಸ್ಪತ್ರೆ ಅಂತೆ. ಹಾಗಾದ್ರೆ ನೀವೆಲ್ಲ ಅಲ್ಲಿ ಕೂತು ಸೊಳ್ಳೆ ಹೊಡೀತೀರಾ?

ಏನಂದೆ? ಪೆನ್ನು ಸೊಸೆ ಕೈಗಾ? ಹಾಲು ಉಕ್ಕೋದು ಗೊತ್ತಾಗದವಳ ಕೈಗೆ ಇನ್ಸುಲಿನ್ ಪೆನ್ನಾ! ನೋಡಮ್ಮಾ, ಇದನ್ನ ತಿರುಗಿಸಿದ್ರೆ ಟಿಕ್ ಅನ್ನುತ್ತೆ. ಒಂದು ಟಿಕ್, ಒಂದು ಯೂನಿಟ್. ಎಣಿಸೋದ್ರಲ್ಲಿ ಒಂದು ದಿನವೂ ತಪ್ಪಿದವನಲ್ಲ ನಾನು. ನನ್ನ ಹೆಂಡತಿಗೆ ಚುಚ್ಚೋ ಕೈ ನನ್ನದೇ. ಅದನ್ನೂ ಬರ್ಕೋ.

ಏನು, ಕೊನೇ ನಂಬರ್ ಡಬ್ಬೀಲೇ ಉಳಿದಿರುತ್ತಾ? ನಾನು ಓದ್ಬೇಕಾ? ನನಗೇ ಪರೀಕ್ಷೆ! ಕೊಡು ಇಲ್ಲಿ... ಹಾಂ, ಇದೆಯಲ್ಲ. ಎರಡು, ಎಂಟು, ಸೊನ್ನೆ. ಕಣ್ಣಿಗೆ ಹೊಡೆಯೋ ಹಾಗಿದೆ!

ಏನಿದು, ಅಂಗೈಗೆ ಏನಿಡ್ತಿದ್ದೀಯ? ಗುಂಡಗಿದೆ... ತೆಳ್ಳಗೆ, ತಣ್ಣಗೆ... ಸೆಲ್ಲು. ಈ ಡಬ್ಬೀದಾ? ನಾನು ಓದೋಕೆ ಮೊದಲೇ ತೆಗೆದಿದ್ದೆಯಾ?

...ಓ.

ಇಷ್ಟು ಹೊತ್ತು ನಾನು ನಿನ್ನ ಬೈದೆನಮ್ಮಾ. ಈಗಲಾದ್ರೂ ನೀನು ನಾಲ್ಕು ಬೈಯಿ.

...ಓದ್ತಿದ್ದವಳು ಅವಳು. ಒಂದೂವರೆ ವರ್ಷದಿಂದ. ಅವಳು ನಂಬರ್ ಹೇಳೋಳು, ನಾನು ಟಿಕ್ ಎಣಿಸ್ತಿದ್ದೆ. ನನ್ನ ಕಣ್ಣು ಹೋಗಿದ್ದು ಮಗ ಸೊಸೆಗೂ ಗೊತ್ತಿಲ್ಲ. ಆವತ್ತು ಡಬ್ಬಿ ಕುಂಯ್ ಅಂತು. "ಎಷ್ಟೇ?" ಅಂದೆ. ಮಾತಿಲ್ಲ. ಇನ್ನೊಮ್ಮೆ ಕೇಳಿದೆ. ನಿದ್ದೆ ಮಂಪರು ಅಂದ್ಕೊಂಡೆ... ಹಿಂದಿನ ದಿನ ಇನ್ನೂರ ಎಂಬತ್ತು ಅಂದಿದ್ದಳು. ಅದೇ ಇರುತ್ತೆ ಅಂತ ಹದಿನಾರು ಟಿಕ್ ತಿರುಗಿಸಿಬಿಟ್ಟೆ. ಬಾಯಿ ಬಿಡೋಕಾಗದಷ್ಟು ಆಗಲೇ ಸಕ್ಕರೆ ಇಳಿದಿತ್ತಮ್ಮಾ ಅವಳಿಗೆ. ಪಕ್ಕದಲ್ಲೇ ಕೂತಿದ್ದೆ, ಮುಖ ಕಾಣಲಿಲ್ಲ.

ಈಗ ಹುಷಾರಾಗಿದ್ದಾಳೆ, ಹೌದು. ನೀವೇ ಮನೆಗೆ ಕಳಿಸಿದ್ರಲ್ಲ. ಎದ್ದು ಓಡಾಡ್ತಾಳೆ, ಊಟ ಮಾಡ್ತಾಳೆ, ಗುರುತು ಮಾತ್ರ ಹಿಡಿಯಲ್ಲ. ನಲವತ್ತಾರು ವರ್ಷ ನನ್ನನ್ನ "ರೀ" ಅಂತಿದ್ದವಳು... ಆಸ್ಪತ್ರೆಯಿಂದ ಬಂದಾಗಿನಿಂದ "ಅಣ್ಣಾ" ಅಂತಾಳೆ.