ರಾಡಿ ಗುಂಡಿಯಲ್ಲಿ ನಿಂತಿರುವ ನನ್ನ ಅಕ್ಕನ ಬಗ್ಗೆ

ಅಣವೀರ ತಂದೆ ಗುರುಲಿಂಗಯ್ಯ, ವಯಸ್ಸು 21, ಉದ್ಯೋಗ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವುದು, ಸಾಕಿನ್ ಹಳೆ ಶಹಾಬಾದ. ಠಾಣೆಗೆ ಖುದ್ದಾಗಿ ಓಡಿಬಂದು ಈ ಮೂಲಕ ಬರೆಸುವುದೇನೆಂದರೆ,

ನನ್ನ ಅಕ್ಕ ಶಿವಗಂಗಾ, 27 ವರ್ಷ, ರಸಾಯನಶಾಸ್ತ್ರ ಓದಿದವಳು. ಕಲ್ಲು ಉಜ್ಜಿದ ರಾಡಿಯನ್ನು ಮತ್ತೆ ಕಲ್ಲು ಮಾಡುವ ದ್ರವವೊಂದನ್ನು ನಾಲ್ಕು ವರ್ಷ ಕುದಿಸಿ ತಯಾರಿಸಿದ್ದಾಳೆ. ತೋಡಿ ಬರಿದು ಮಾಡಿದ ಖಣಿಗಳನ್ನೆಲ್ಲ ಒಂದೇ ಮಳೆಗಾಲದಲ್ಲಿ ತುಂಬಿಸುವುದಾಗಿ ಹೇಳುತ್ತಿದ್ದಳು. ಮೊದಲು ಬಕೆಟ್ಟಿನಲ್ಲಿ ಮಾಡಿ ನೋಡೆಂದು ನಾನು ತಿಳಿಸಿದ್ದಕ್ಕೆ, "ಬಕೆಟ್ಟಿನಾಗ ಏನ್ ತಿಳಿತದಲೇ ಮಬ್ಬ?" ಎಂದಳು.

ಇಂದು ಬೆಳಿಗ್ಗೆ 8.20ಕ್ಕೆ ನಮ್ಮ ಶೆಡ್ಡಿನ ಹಿಂದಿನ ರಾಡಿ ಗುಂಡಿಗೆ ಎರಡು ಲೀಟರ್ ದ್ರವ ಸುರಿದು, ತಾನೇ ಬರಿಗಾಲಲ್ಲಿ ಇಳಿದು ತುಳಿದಳು. 8.30ಕ್ಕೆ ಬಲಗಾಲಿಗೆ ಪಾದದ ಗಂಟಿನವರೆಗೆ ಕಲ್ಲು ಕಟ್ಟಿತು, ಎಡಗಾಲನ್ನು ಅಷ್ಟರಲ್ಲಿ ದಂಡೆಯ ಮೇಲೆ ಇಟ್ಟಿದ್ದಳು. ಅದು ನಮ್ಮ ಊರಿನ ಕಲ್ಲಿನಂತಿಲ್ಲ. ಒಳಗೆ ನೀಲಿ ಎಳೆಗಳು ನಿಧಾನ ಚಲಿಸುತ್ತಿದ್ದವು. ನೋವಿಲ್ಲ, ತಂಪಾಗಿದೆ ಎಂದಳು. ನಾನು ಕಟರ್ ಹಿಡಿದು ಕೊಯ್ದೆ. ಕೊಯ್ದ ಗೆರೆ ನನ್ನ ಕಣ್ಣೆದುರೇ ನೀರಿನಂತೆ ಕೂಡಿಕೊಂಡಿತು. ನಾನು ಕಟರ್ ಬಂದ್ ಮಾಡಿ, ಎರಡು ನಿಮಿಷ ಅದನ್ನೇ ನೋಡಿದ್ದು ನಿಜ.

8.50ಕ್ಕೆ ಪಕ್ಕದ ಮನೆಯ ಸುಗರಾಬಿ ಬಂದರು. ಹುಳಿ ಬಿದ್ದರೆ ಫರಸಿ ಸವೆಯುವುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಹುಣಸೆ ನೀರು ಸುರಿದರು. ಬುಸ್ಸೆಂದು ನೊರೆ ಬಂದು ಕಲ್ಲು ಒಂದು ಬೆರಳು ಇಳಿಯಿತು. ಅಕ್ಕ ತಂಬಿಗೆ ಕಸಿದು ದೂರ ಎಸೆದಳು.

"ಕೆಡಸಬ್ಯಾಡ್ರಿ ಚಾಚಿ! ಹಿಂಗ ಇಲ್ಲಿತನಾ ಯಾರೂ ನೋಡಿಲ್ಲ."

"ಕಾಲು ಹೋಗಾಕತ್ತದ, ಹುಚ್ಚಿ!"

"ಇನ್ನೊಂದು ಅದ ಅಲ್ಲರಿ?"

ನಂತರ ನನ್ನ ಕಡೆ ತಿರುಗಿ, "ಬಾಯಿ ತಕ್ಕೊಂಡು ನಿಂತಿ ಯಾಕಲೇ? ಅಳತಿ ಟೇಪ್ ತಗೊಂಡು ಬಾ, ಲಗೂ," ಎಂದಳು. ಟೇಪ್ ನನ್ನ ಜೇಬಿನಲ್ಲಿಯೇ ಇತ್ತು. ತರುತ್ತೇನೆಂದು ಹೇಳಿ 9.05ಕ್ಕೆ ಇಲ್ಲಿಗೆ ಹೊರಟೆ. ಆಗ ಕಲ್ಲು ಮೊಳಕಾಲಿಗಿಂತ ಒಂದು ಗೇಣು ಕೆಳಗಿತ್ತು. ಹತ್ತು ನಿಮಿಷಕ್ಕೆ ಎರಡು ಬೆರಳು ಏರುತ್ತಿತ್ತು.

ದೂರ ಒಂದೂವರೆ ಕಿ.ಮೀ. 9.12ಕ್ಕೆ ಠಾಣೆ ಮುಟ್ಟಿದೆ. ಹೋದ ವರ್ಷ ಖಣಿ ನೀರಿನಲ್ಲಿ ಮೊಸಳೆ ಇದೆಯೆಂದು ನಾನು ಕೊಟ್ಟ ದೂರು ಸುಳ್ಳೆಂಬುದನ್ನು ಹವಾಲ್ದಾರರು ನೆನಪಿಸಿ, ನಗುತ್ತಾ ನನ್ನನ್ನು 9.40ರವರೆಗೆ ಬೆಂಚಿನ ಮೇಲೆ ಕೂಡಿಸಿದ್ದು ನ್ಯಾಯವೇ ಆಗಿದೆ. ಆ ದಿನ ನಾನು ಸಾವಕಾಶ ನಡೆದು ಬಂದಿದ್ದೆ, ಇಂದು ಓಡಿಬಂದಿದ್ದೇನೆ.

ಸುಗರಾಬಿ ಓಣಿಯ ಹುಣಸೆಹಣ್ಣೆಲ್ಲ ಕೂಡಿಸಿ ಕೊಡಗಳಲ್ಲಿ ಕಿವುಚುತ್ತಿದ್ದಾರೆ. ಅಕ್ಕನ ಎರಡು ಕೈ ಹಿಡಿಯಲು ಗಟ್ಟಿಯಾದ ಇಬ್ಬರು ಮಹಿಳಾ ಪೇದೆಗಳು ಬೇಕು. ನನ್ನ ಮಾತು ಆಕೆ ಕೇಳುವುದಿಲ್ಲ. ಹುಟ್ಟಿದಾಗಿನಿಂದ ಕೇಳಿಲ್ಲ. ಕಲ್ಲಿನ ಮೇಲೆ ಕೈಯಿಟ್ಟಾಗ ನನಗೂ ತೆಗೆಯಲು ಮನಸ್ಸಾಗಲಿಲ್ಲ, ಆದ್ದರಿಂದ ನನ್ನೊಬ್ಬನನ್ನೇ ಅಲ್ಲಿಗೆ ವಾಪಸು ಕಳಿಸಬಾರದೆಂದು ವಿನಂತಿ.

ಈಗ ಸಮಯ 10.05. ಲೆಕ್ಕದಂತೆ ಕಲ್ಲು ಮೊಳಕಾಲು ಮುಟ್ಟಿದೆ.

ಬರೆಸಿದ್ದೆಲ್ಲವೂ ನಾನು ಕಂಡದ್ದು, ಸತ್ಯ. ಓದಿ ಕೇಳಿಸುವುದನ್ನು ದಯವಿಟ್ಟು ಜೀಪಿನಲ್ಲಿ ಮಾಡಬೇಕು. ಓದದೆಯೇ ಸಹಿ ಹಾಕಿರುತ್ತೇನೆ.

ಸ್ಥಳ: ಶಹಾಬಾದ
ದಿನಾಂಕ: 14-06-2025
ಸಹಿ: ಅಣವೀರ