ಇಲ್ಲಿ ಉಗುಳಬಾರದು

ಮಾನ್ಯ ಅಧ್ಯಕ್ಷರೂ ಹಿರಿಯರೂ ಆದ ಓಲೆ ಕಿಸೆಮೇಯಿ ಅವರೇ, ಧೂಳು ಕುಡಿದು ಜಿಲ್ಲೆಯಿಂದ ಬಂದಿರುವ ಡಾಕ್ಟರೇ, ಲೋಯಿತಾ ಬೆಟ್ಟದ ಮಸಾಯಿ ತಾಯಂದಿರೇ, ದನಗಳನ್ನು ಬಿಟ್ಟು ಬಂದು ಅರ್ಧ ಮನಸ್ಸಿನಲ್ಲಿ ಕೂತಿರುವ ಗಂಡಸರೇ, ಸಭಿಕರೇ,

ಮೂವತ್ತೊಂದು ವರ್ಷ ಈ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಎಲ್ಲರೂ ಹೊಗಳಿದಿರಿ. ನನ್ನ ಮೊದಲ ತಪ್ಪನ್ನು ಮಾತ್ರ ಯಾರೂ ಎತ್ತಲಿಲ್ಲ. ಬೀಳ್ಕೊಡುಗೆ ಎಂದರೆ ಹಾಗೆಯೇ. ಇರಲಿ, ನಾನೇ ಹೇಳುತ್ತೇನೆ.

ನೈರೋಬಿಯಲ್ಲಿ ಓದಿ ಬಂದ ವಾರವೇ ವಾರ್ಡಿನ ಗೋಡೆಗೆ ಬೋರ್ಡು ಹಾಕಿಸಿದೆ: ‘ಇಲ್ಲಿ ಉಗುಳಬಾರದು.’ ಕ್ಷಯ ಹರಡಿದ್ದ ಕಾಲ. ತಪ್ಪೇ? ತಪ್ಪಲ್ಲ. ಆದರೆ ಮರುವಾರದಿಂದ ಹೆರಿಗೆಗೆ ಒಬ್ಬಳೂ ಬರಲಿಲ್ಲ. ಕೊನೆಗೆ ಊರಿನ ಹಿರಿಯಳು ನೊಸಿಮ್ ಅಜ್ಜಿ ಬಂದು ಕೇಳಿದರು:

"ಅಲ್ಲವ್ವಾ, ಕೂಸಿನ ನೆತ್ತಿಗೆ ಅಜ್ಜಿಯಾದೋಳು ಉಗುಳಿ ಹರಸ್ದೇ ಹೋದ್ರೆ, ಅದು ಯಾರ ಮನೆ ಕೂಸು ಅಂತ ದೇವರಿಗೆ ಹೆಂಗ್ ಗೊತ್ತಾಗ್ಬೇಕು? ನಿನ್ನ ಬೋರ್ಡು ಹೇಳ್ತೈತಾ?"

ಕ್ಷಯದ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಹೊರಗಿನ ಜಾಲಿ ಮರದಡಿ ಹರಸಿಕೊಳ್ಳಿ ಎಂದು ರಾಜಿಯಾದೆ. ಯಾಕೆ ಗೊತ್ತೇ? ಇದನ್ನು ಹೇಳಬೇಕೆಂದು ಬಂದವಳಲ್ಲ, ಬಾಯಿಗೆ ಬಂತು. ನನ್ನ ಹಣೆಯೂ ಒಣಗಿತ್ತು.

ಮನೆ ಬಿಟ್ಟು ಹೊರಡುವ ಮಗಳ ಹಣೆಗೆ ತಂದೆ ಉಗುಳುತ್ತಾನೆ. ನಮ್ಮ ಮಸಾಯಿ ಹೆಣ್ಣಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ? ನಾನೋ ಮದುವೆ ಒಲ್ಲೆ, ನರ್ಸಾಗುತ್ತೇನೆ ಎಂದವಳು. ಗಂಡಿನ ಕಡೆಯಿಂದ ವಧುದಕ್ಷಿಣೆಯಾಗಿ ಬಂದಿದ್ದ ಹಸುಗಳನ್ನು ಅಪ್ಪ ಊರೆದುರೇ ಹಿಂದಕ್ಕೆ ಹೊಡೆದುಕೊಂಡು ಹೋಗಬೇಕಾಯಿತು. ನೈರೋಬಿಗೆ ಹೊರಟ ದಿನ ಅವನೆದುರು ತಲೆ ಬಗ್ಗಿಸಿ ನಿಂತೆ. ಬಿಸಿಲೇರುವ ತನಕ ನಿಂತೆ. "ಬಾಯಿ ಒಣಗೈತೆ," ಎಂದು ಹೇಳಿ ಅಪ್ಪ ದನದ ಕಡೆ ಹೋದ.

ಆಮೇಲೆ ಇಪ್ಪತ್ತೆರಡು ವರ್ಷ. ಮರದಡಿ ಕೂಸುಗಳ ನೆತ್ತಿ ತೇವವಾಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹೊಟ್ಟೆಕಿಚ್ಚು ಎನ್ನಿ, ಬೇಸರವಿಲ್ಲ.

ಒಂದು ಮಧ್ಯಾಹ್ನ ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದರು. ಅರ್ಧ ಮೈ ಬಿದ್ದುಹೋಗಿತ್ತು. ಈ ಸಲ ಬಾಯಿ ನಿಜಕ್ಕೂ ಒಣಗಿತ್ತು. ಮೂರನೆಯ ದಿನ ಅವನ ಕಣ್ಣು ಗೋಡೆಯ ಮೇಲೆ ಹೋಯಿತು. ಓದು ಬಾರದವನು.

"ಅದೇನು ಬರ್ದೈತೆ?"

ಓದಿ ಹೇಳಿದೆ.

"ಯಾರ ಅಪ್ಪಣೆ?"

"ನಂದೇ, ಅಪ್ಪ."

"ಹಂಗಾದ್ರೆ ನೀನೇ ಒಂದು ಗಳಿಗೆ ಇಳ್ಸು."

ಇಳಿಸಿದೆ. ನೀರು ಬೇಕೆಂದು ಕೈಸನ್ನೆ ಮಾಡಿದ. ಹತ್ತಿಯನ್ನು ಅದ್ದಿ ನಾಲ್ಕು ಸಲ ನಾಲಿಗೆಗೆ ಹಿಂಡಿದೆ. ಮೈಯೆಲ್ಲ ನೀರಿಗೆ ಹಂಬಲಿಸುತ್ತಿದ್ದ ಆ ಮುದುಕ ಒಂದು ಹನಿಯನ್ನೂ ನುಂಗಿರಲಿಲ್ಲ. ಅದು ನನಗೆ ತಿಳಿದದ್ದು ಮಂಡಿಯೂರಿ ಬಗ್ಗಿದಾಗ, ಹಣೆ ತೇವವಾದಾಗ.

ಸಭಿಕರೇ, ಎಷ್ಟೋ ಹುಟ್ಟು, ಎಷ್ಟೋ ಸಾವು ಕಂಡಿದ್ದೇನೆ. ಪ್ರತಿ ಸಲ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋದವಳು ನಾನು. ಅಂದು ಹಣೆ ಒರೆಸಿಕೊಳ್ಳಲಿಲ್ಲ. ಬೋರ್ಡು ಇಳಿಸಿದ್ದಕ್ಕೆ ಸಂಜೆ ಆಗಿನ ಡಾಕ್ಟರು ಬೈದರು, ಬೈಸಿಕೊಂಡೆ. ಬೋರ್ಡನ್ನು ಮತ್ತೆ ತೂಗುಹಾಕಿದೆ. ಹೊಸ ನರ್ಸಮ್ಮ, ಅದು ಅಲ್ಲೇ ಇರಲಿ. ಮೊಳೆ ಮಾತ್ರ ಗಟ್ಟಿ ಮಾಡಬೇಡ.

ಇಂದು ನಾನು ಎರಡನೆಯ ಸಲ ಮನೆ ಬಿಟ್ಟು ಹೊರಟಿದ್ದೇನೆ. ಅಪ್ಪ ಇಲ್ಲ. ಅವನ ಜೊತೆ ಭರ್ಜಿ ಹಿಡಿದ ಓರಗೆಯವರಲ್ಲಿ ಉಳಿದವರು ನೀವೊಬ್ಬರೇ, ಅಧ್ಯಕ್ಷರೇ. ಓರಗೆಯವನ ಮಗಳು ನಿಮಗೂ ಮಗಳೇ. ಎಲ್ಲರಿಗೂ ವಂದನೆ, ನಮಸ್ಕಾರ. ಮೈಕು ಇಟ್ಟು ತಲೆ ಬಗ್ಗಿಸುತ್ತಿದ್ದೇನೆ. ನೀರಿನ ಲೋಟ ನಿಮ್ಮ ಮುಂದೆಯೇ ಇದೆ.