ನೂರಕ್ಕೆ ತೊಂಬತ್ತೇಳು

ಮಾನ್ಯ ಅಧ್ಯಕ್ಷರಾದ ಡಾಕ್ಟರ್ ಗ್ರೆಟಾ ಲಿಂಡ್‌ಕ್ವಿಸ್ಟ್ ಅವರೇ, ಚರ್ಚಿನ ಈ ನೆಲಮಾಳಿಗೆಯನ್ನು ನಮಗೆ ಬಿಟ್ಟುಕೊಟ್ಟ ಪಾದ್ರಿಗಳೇ, ನಮ್ಮ ದಂತವೈದ್ಯರ ಸಂಘದ ಮಿತ್ರರೇ, ಇಷ್ಟು ವರ್ಷ ನನ್ನ ಮುಂದೆ ಬಾಯಿ ತೆರೆದು ಮಲಗಿ ಇಂದು ಬಾಯಿ ಮುಚ್ಚಿ ಕುಳಿತಿರುವ ಸಭಿಕರೇ,

ನನಗೆ ಈಗ ಕೊಟ್ಟ ಈ ಸನ್ಮಾನ ಫಲಕದ ಮೇಲೆ ಏನು ಕೆತ್ತಿದ್ದಾರೆ, ಓದುತ್ತೇನೆ. ‘ಗಿಡ್ಡ ಇಂಪ್ಲಾಂಟ್, ಇಪ್ಪತ್ತು ವರ್ಷ, ನೂರಕ್ಕೆ ತೊಂಬತ್ತೇಳು ಯಶಸ್ಸು. ಡಾಕ್ಟರ್ ಆರ್ವಿಡ್ ಟೊಲೆಫ್ಸನ್.’ ಇದರಲ್ಲಿ ನನ್ನ ಹೆಸರೊಂದೇ ಸರಿಯಾಗಿದೆ.

ಹಲ್ಲು ಹೋದ ಜಾಗದಲ್ಲಿ ಮೂಳೆ ಸವೆದಿದ್ದರೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲನ್ನು ಹೊರುವ ಉದ್ದನೆಯ ಟೈಟಾನಿಯಂ ತಿರುಪು, ಕೂರುವುದಿಲ್ಲ. ಮೊದಲು ಮೂಳೆ ಕಸಿ ಮಾಡಬೇಕು, ತಿಂಗಳುಗಟ್ಟಲೆ ಕಾಯಬೇಕು. ಅದೆಲ್ಲ ಬೇಡ, ಆರು ಮಿಲಿಮೀಟರಿನ ಗಿಡ್ಡದು ಸಾಕು ಎಂದೆ. ಆಗ ನಕ್ಕವರಲ್ಲಿ ಮೂವರು ಇಂದು ವೇದಿಕೆಯ ಮೇಲೇ ಇದ್ದಾರೆ. ಇರಲಿ. ಇಂದಿಗೂ ನನ್ನ ಮಾತು ಅದೇ, ತಿರುಪು ಒಳ್ಳೆಯದು. ನನ್ನ ಸಿಟ್ಟು ತಿರುಪಿನ ಮೇಲಲ್ಲ, ನಿಮ್ಮ ಮೇಲೆ.

ಮಿನ್ನೆಸೋಟದವರಾದ ನಮಗೆ, ನೋವನ್ನು ಬಾಯಿಬಿಟ್ಟು ಹೇಳದ ಇದೇನು ರೋಗ? ತಿರುಪು ಹಾಕಿಸಿಕೊಂಡು ಆಮೇಲೆ ಎಕ್ಸ್‌ರೇಗೆ ಬಾರದವರಿಗೆಲ್ಲ ವರ್ಷಕ್ಕೊಮ್ಮೆ ಕ್ಲಿನಿಕ್ಕಿನಿಂದ ಫೋನ್ ಹೋಗುತ್ತಿತ್ತು. ‘ಹಲ್ಲು ಹೇಗಿದೆ?’ ನೀವು ಏನೆನ್ನುತ್ತಿದ್ದಿರಿ? ‘ಪರವಾಗಿಲ್ಲ, ದೂರೋ ಹಾಗೇನಿಲ್ಲ.’ ನಾವು ‘ಯಶಸ್ಸು’ ಎಂದು ಬರೆದುಕೊಳ್ಳುತ್ತಿದ್ದೆವು! ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿರುವ ಎಲ್ಡನ್ ಬ್ರಾಟನ್, ತಿರುಪಿನ ಮೇಲೆ ಕೂರಿಸಿದ್ದ ನಿನ್ನ ಹಲ್ಲಿನ ಕ್ಯಾಪ್ ಎರಡು ವರ್ಷ ಅಲುಗಾಡುತ್ತಿತ್ತು. ಕೇಳಿದ್ದಕ್ಕೆ ಏನಂದೆ? ‘ನಿಮಗೆ ನೂರೆಂಟು ಕೆಲ್ಸ ಇರ್ತವೆ ಡಾಕ್ಟ್ರೇ, ಯಾಕೆ ತೊಂದ್ರೆ ಕೊಡೋದು ಅಂತ. ನಾಲ್ಗೇಲಿ ಒತ್ತಿದ್ರೆ ಕೂತ್ಕೊಳ್ತಿತ್ತು.’

ಸ್ವಾಮಿ, ಬಿದ್ದಿಲ್ಲ ಎಂದರೆ ಗೆದ್ದಿತು ಎಂದರ್ಥವೇ? ಒಸಡಿನಲ್ಲಿ ಕೀವಾಗುತ್ತದೆ, ತಿರುಪಿನ ಸುತ್ತಲಿನ ಮೂಳೆ ಕರಗುತ್ತದೆ. ಉದ್ದನೆಯದಕ್ಕೆ ಎರಡು ಮಿಲಿಮೀಟರ್ ಹೋದರೂ ಆಸರೆ ಉಳಿದಿರುತ್ತದೆ. ಆರರಲ್ಲಿ ಎರಡು ಹೋದರೆ ಉಳಿಯುವುದೇನು? ಬೇಗ ಹೇಳಿದರೆ ಎಷ್ಟೋ ಸಲ ಉಳಿಸಬಹುದು. ಆದರೆ ಹೇಳಬೇಕಲ್ಲ!

ಮುಂದಿನದನ್ನು ಇಲ್ಲಿ ಹೇಳಬಾರದೆಂದು ಮನೆಯಲ್ಲಿ ಅಪ್ಪಣೆಯಾಗಿತ್ತು. ಆದರೂ ಹೇಳುತ್ತೇನೆ. ಗಿಡ್ಡ ತಿರುಪು ಹಾಕಿಸಿಕೊಂಡವರ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಮಾರ್ಲಿಸ್, ನನ್ನ ಹೆಂಡತಿ. ಬಲಗಡೆ, ಮೇಲಿನ ದವಡೆ. ಊರಿಗೆಲ್ಲ ಫೋನ್ ಮಾಡಿಸಿದವನು ಅವಳನ್ನು ಅಡುಗೆಮನೆಯಲ್ಲೇ ಕೇಳಿ ಬರೆದುಕೊಂಡೆ. ‘ಪರವಾಗಿಲ್ಲ’ ಎಂದಳು. ಬೇಸಿಗೆಯಲ್ಲಿ ನಾವೆಲ್ಲ ಮುಸುಕಿನ ಜೋಳದ ತೆನೆಗೆ ಬಾಯಿ ಹಾಕಿದರೆ ಅವಳು ಚಾಕುವಿನಿಂದ ಕಾಳು ಬಿಡಿಸಿ ತಿನ್ನುತ್ತಿದ್ದಳು. ‘ಏನಿದು ಮಹಾರಾಣಿ ಥರ?’ ಎಂದು ನಾನೇ ನಗುತ್ತಿದ್ದೆ.

ಹೋದ ತಿಂಗಳು ಬಟ್ಟೆ ಒಗೆಯುವ ಮಷೀನಿನಲ್ಲಿ ಕಟಕಟ ಸದ್ದು. ಅವಳ ಏಪ್ರನ್ನಿನ ಜೇಬಿನಲ್ಲಿ ಕರವಸ್ತ್ರದ ಗಂಟು, ಗಂಟಿನೊಳಗೆ ಕ್ಯಾಪ್ ಸಮೇತ ನನ್ನ ಆರು ಮಿಲಿಮೀಟರ್.

‘ಎಷ್ಟು ದಿನದಿಂದ ಮಾರ್ಲಿಸ್?’

‘ಬಿದ್ದಿದ್ದು ಮೊನ್ನೆ ಕಣೋ. ಆ ಕಡೆ ಅಗಿಯೋದು ಬಿಟ್ಟು ಹನ್ನೊಂದು ವರ್ಷ ಆಯ್ತು.’

‘ಹೇಳೋಕೇನಾಗಿತ್ತು ನಿಂಗೆ?’

‘ಆಗ ಈ ತಿರುಪಿನ ಮೇಲೆ ನಿನ್ನ ಮೊದಲ ಲೇಖನ ಅಚ್ಚಾಗ್ತಿತ್ತಲ್ಲ. ನಿನ್ನ ಲೆಕ್ಕ ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ. ಆಮೇಲೆ ಅಭ್ಯಾಸ ಆಗೋಯ್ತು.’

‘ನೋವಿತ್ತಾ?’

‘ಅಂಥಾದ್ದೇನಿಲ್ಲ.’

‘ಮಾರ್ಲಿಸ್!’

‘ಇತ್ತು.’

ನಲವತ್ತು ವರ್ಷದ ಸಂಸಾರದಲ್ಲಿ ಅವಳು ನನಗೆ ಕೊಟ್ಟ ಮೊದಲ ನೇರ ಉತ್ತರ ಅದು. ಒಂದೇ ಮೇಜಿನಲ್ಲಿ ಎದುರು ಕುಳಿತು ಹನ್ನೊಂದು ವರ್ಷ ಕಾಣದವನು ಎಂಥ ದಂತವೈದ್ಯ? ಎಂಥ ಗಂಡ? ನಿಮ್ಮ ಮೇಲೆ ಸಿಟ್ಟು ಎಂದೆನಲ್ಲ, ಸುಳ್ಳು. ನನ್ನ ಮೇಲೆ ನನಗೇ ನಾಚಿಕೆ. ‘ಪರವಾಗಿಲ್ಲ’ ಎಂದದ್ದು ನೀವು. ಅದನ್ನು ನಂಬಲು ಕಾತರದಿಂದ ಕಾದಿದ್ದವನು ನಾನು.

ಆದ್ದರಿಂದ ಅಧ್ಯಕ್ಷರೇ, ಈ ಫಲಕ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ. ಇನ್ನು ಊಟಕ್ಕೆ ಜೋಳದ ತೆನೆ ಬೇಯುತ್ತಿದೆ. ನಾನು ಹಲ್ಲು ಕೂರಿಸಿದವರೆಲ್ಲ ಆ ಕಡೆಯಿಂದಲೇ ಕಚ್ಚಿ ತಿನ್ನಬೇಕು. ಕಚ್ಚಲು ಹೆದರುವವರು ಈಗಲೇ ಕೈ ಎತ್ತಿ. ಕನ್ನಡಿ, ದೀಪ ಎಲ್ಲ ತಂದಿದ್ದೇನೆ, ಹಿಂದಿನ ಮೇಜಿನ ಹತ್ತಿರ ಕೂರುತ್ತೇನೆ. ಯಾರೂ ಇಲ್ಲವೇ? ಸರಿ ಮಾರ್ಲಿಸ್, ನೀನೇ ಮೊದಲು. ಎಲ್ಡನ್, ಭೇಷ್. ಕಿಟಕಿಯ ಬಳಿ ಇನ್ನೊಬ್ಬರು, ಅವರ ಪಕ್ಕದವರು... ಪಾದ್ರಿಗಳೇ, ನೀವೂನಾ?

ಕೈ ಎತ್ತಿದ ಎಲ್ಲರಿಗೂ ನನ್ನ ಧನ್ಯವಾದ. ದಯವಿಟ್ಟು ಇಳಿಸಬೇಡಿ, ಇನ್ನೂ ಎಣಿಸುತ್ತಿದ್ದೇನೆ. ನಮಸ್ಕಾರ.